ಹಳೇ ಕೂಲರ್ ಹೋಯ್ತು, ಹೊಸದು ಯಾವುದು?

ಶರಣಬಸವೇಶ್ವರರ ತೇರು ಎಳೆದದ್ದೇ ತಡ, ಕಲಬುರಗಿಯ ಮನೆಗಳಲ್ಲಿ ಒಂದೇ ಗದ್ದಲ. ಮಾಳಿಗೆ ಮೇಲೆ, ಬಚ್ಚಲ ಹಿಂದೆ, ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ಕೂತಿದ್ದ ಕೂಲರ್‌ಗಳು ಹೊರಗೆ ಬರುತ್ತವೆ. ಹಳೇ ಘಾಸ್, ಅಂದರೆ ನೀರು ಹೀರುವ ಮರದ ತುರಿಯ ಹಾಸು, ಕಿತ್ತು ಬೀದಿಗೆ ಬೀಳುತ್ತದೆ. ಪಂಪ್ ಓಡುತ್ತದೋ ಇಲ್ಲವೋ ಅಂತ ಬಕೆಟ್ ನೀರಲ್ಲಿ ಮುಳುಗಿಸಿ ನೋಡುತ್ತಾರೆ. ಫ್ಯಾನಿಗೆ ಎಣ್ಣೆ ಬಿಡುತ್ತಾರೆ. ಈ ವರ್ಷ ನಮ್ಮ ಮನೆಯಲ್ಲಿ ಈ ಗದ್ದಲ ಅರ್ಧಕ್ಕೇ ನಿಂತಿತು. ಕೂಲರ್ ಮಾಳಿಗೆಯಿಂದ ಇಳಿಯಿತು, ಆದರೆ ಶುರು ಆಗಲಿಲ್ಲ.

ಬೆಂಗಳೂರು, ಮೈಸೂರು ಕಡೆಯವರಿಗೆ ಇದು ಅಷ್ಟು ದೊಡ್ಡ ಸುದ್ದಿ ಅನ್ನಿಸಲಿಕ್ಕಿಲ್ಲ. ಇಲ್ಲಿ ಏಪ್ರಿಲ್, ಮೇ ಬಂದರೆ ಥರ್ಮಾಮೀಟರಿನ ಪಾರಾ 42, 43 ಡಿಗ್ರಿ ಮುಟ್ಟುತ್ತದೆ. ಸರ್ಕಾರಿ ಕಚೇರಿಗಳ ಸಮಯವೇ ಬದಲಾಗಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದೆ. ನಾನು ಒಂದು ಕಚೇರಿಯಲ್ಲಿ ಗುಮಾಸ್ತೆ. ಒಂದೂವರೆಗೆ ಬಿಟ್ಟು, ಸ್ಕೂಟಿ ಸೀಟಿನ ಮೇಲೆ ಒದ್ದೆ ಟವೆಲ್ ಹಾಸಿ, ಮುಖಕ್ಕೆಲ್ಲ ದುಪ್ಪಟ್ಟಾ ಸುತ್ತಿಕೊಂಡು ಮನೆ ಮುಟ್ಟಿದರೆ ಸಾಕಪ್ಪಾ ಅನ್ನಿಸುತ್ತದೆ. ಬಾಗಿಲು ತೆಗೆದ ಕೂಡಲೇ ಆ ಒದ್ದೆ ಘಾಸಿನ ವಾಸನೆಯ ಗಾಳಿ ಮುಖಕ್ಕೆ ಬಡಿಯಬೇಕು. ಅದಿಲ್ಲದೆ ಊಟ ಸೇರುವುದಿಲ್ಲ.

ನಮ್ಮ ಕೂಲರ್ ಅಂದರೆ ಅಂಗಡಿಯ ಶೋಕೇಸಿನಲ್ಲಿ ನಿಲ್ಲಿಸುವಂಥದ್ದಲ್ಲ. ಕಿಟಕಿಗೆ ಹೊರಗಿನಿಂದ ತಾಗಿಸಿ, ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರಿಸುವ ದೊಡ್ಡ ತಗಡಿನ ಡಬ್ಬಿ. 1998ರಲ್ಲಿ ನಮ್ಮ ಮಾವ ಮಾಡಿಸಿದ್ದು. ಆಗ ಇನ್ನೂ ಊರಿನ ಹೆಸರು ಬರೆಯುವಾಗ ಗುಲಬರ್ಗಾ ಅಂತಿತ್ತು. ಕೂಲರ್ ಮುಂಭಾಗದಲ್ಲೂ ಇಂಗ್ಲಿಷಿನಲ್ಲಿ ಗುಲಬರ್ಗಾ ಅಂತಲೇ ಪೇಂಟ್ ಮಾಡಿಸಿದ್ದರು, ಯಾಕೋ ಗೊತ್ತಿಲ್ಲ. ಯಾರಾದರೂ ಕದ್ದೊಯ್ದರೆ ಗುರುತು ಸಿಗಲಿ ಅಂತಿರಬೇಕು. ನಾಲ್ಕು ಜನ ಹಿಡಿದರೂ ಎತ್ತಲಾಗದ ಅದನ್ನು ಕದಿಯುವವರು ಯಾರೋ! 22 ಗೇಜಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ತಗಡು, 18 ಇಂಚಿನ ಎಕ್ಸಾಸ್ಟ್ ಫ್ಯಾನು, ತಾಮ್ರದ ವೈಂಡಿಂಗ್. ಗೇಜಿನ ನಂಬರ್ ಜಾಸ್ತಿ ಆದಷ್ಟೂ ತಗಡು ತೆಳು ಅನ್ನುವುದು ಈ ಸಲ ಗೊತ್ತಾಯಿತು. ಈಗ ರಸ್ತೆ ಬದಿ ನಿಲ್ಲಿಸಿ ಮಾರುವ ಬಹಳಷ್ಟು ಕೂಲರ್‌ಗಳ ತಗಡನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಟಪ್ ಅಂತ ವಾಪಸ್ ಬರುತ್ತದೆ.

ಇಷ್ಟು ವರ್ಷ ಅದು ಸುಮ್ನೆ ಬಾಳಲಿಲ್ಲ. ಪ್ರತಿ ಬೇಸಿಗೆಗೂ ಅದರ ಹೊಟ್ಟೆಗೆ ಏನಾದರೂ ಹಚ್ಚಲೇಬೇಕು. ಮಾವ ಇರುವವರೆಗೆ ಕೂಲರಿನ ನೀರಿನ ಟಾಕಿಯ ಒಳಗೆ ಡಾಂಬರು ಬಳಿಯುತ್ತಿದ್ದರು. ಸೀಮೆಎಣ್ಣೆಯಲ್ಲಿ ಕಲಸಿ, ಹಳೇ ಬ್ರಷ್ ಹಿಡಿದು, ಬನಿಯನ್ ತುಂಬ ಕಪ್ಪು ಕಲೆ ಮಾಡಿಕೊಂಡು. ಅತ್ತೆಯ ಬೈಗುಳ ಆ ಕೆಲಸದ ಒಂದು ಭಾಗವೇ ಆಗಿತ್ತು. ಆಮೇಲೆ ಎಂ-ಸೀಲ್ ಬಂತು. ಸಣ್ಣ ತೂತಿಗೆ ಎಂ-ಸೀಲ್, ದೊಡ್ಡ ತೂತಿಗೆ ತಗಡಿನ ತೇಪೆ. ಪಂಪ್ ಎಷ್ಟು ಬದಲಾಗಿದೆಯೋ ಲೆಕ್ಕವಿಲ್ಲ. ಮೋಟರ್ ರೀವೈಂಡಿಂಗ್ ಆಯಿತು, ಬುಷ್ ಬದಲಾಯಿತು, ಕಂಡೆನ್ಸರ್ ಅಂತೂ ತರಕಾರಿ ತಂದ ಹಾಗೆ ತರುತ್ತಿದ್ದೆವು.

ಈ ಎಲ್ಲ ಕೆಲಸ ಮಾಡುವವರು ನಮ್ಮ ಓಣಿಯ ಚಾಚಾ. ಮೋಟರ್ ವೈಂಡಿಂಗ್ ಅವರ ಮುಖ್ಯ ಕಸುಬು. ಬೇಸಿಗೆಯಲ್ಲಿ ಕೂಲರ್, ಮಿಕ್ಕ ದಿನ ಬೋರ್‌ವೆಲ್ ಮೋಟರ್, ಮಿಕ್ಸಿ. ಅವರಿಗೆ ನಮ್ಮ ಕೂಲರ್ ಮೇಲೆ ನಮಗಿಂತ ಜಾಸ್ತಿ ಪ್ರೀತಿ. 'ಇಂಥಾ ಮಾಲ್ ಈಗ ಎಲ್ಲಿ ಸಿಗ್ತದ್ರಿ ಮೇಡಂ' ಅನ್ನುವುದು ಪ್ರತಿ ವರ್ಷದ ಮಾತು. ಅದಕ್ಕೇ ಈ ಸಲ ಅವರೇ ಕೈ ಎತ್ತಿದಾಗ ನಮಗೆ ನಂಬಿಕೆ ಬರಲಿಲ್ಲ.

ಆಗಿದ್ದು ಹೀಗೆ. ಟಾಕಿಯ ತಳದಲ್ಲಿ ಒಂದು ಮೂಲೆಯಿಂದ ನೀರು ಸೋರುತ್ತಿತ್ತು. ಚಾಚಾ ಸ್ಕ್ರೂಡ್ರೈವರ್ ತುದಿಯಿಂದ ಆ ಮೂಲೆ ಕೆರೆದರು. ಡಾಂಬರಿನ ಪದರ ಎದ್ದಿತು. ಅದರ ಕೆಳಗೆ ಎಂ-ಸೀಲ್, ಅದರ ಕೆಳಗೆ ಮತ್ತೆ ಡಾಂಬರು, ಅದರ ಕೆಳಗೆ ತೇಪೆಯ ತಗಡು. ಆ ತೇಪೆಯ ಕೆಳಗೆ ಇರಬೇಕಾದ ಮೂಲ ತಗಡು ಇರಲೇ ಇಲ್ಲ. ಕಂದು ಬಣ್ಣದ ಪುಡಿ, ಅಷ್ಟೇ. ಸ್ಕ್ರೂಡ್ರೈವರ್ ಸೀದಾ ಆಚೆ ಹೋಯಿತು. ಅಂದರೆ ನಾವು ಎಷ್ಟೋ ಕಾಲದಿಂದ ನೀರು ತುಂಬಿಸುತ್ತಿದ್ದದ್ದು ಕೂಲರಿಗಲ್ಲ, ಅದರ ರಿಪೇರಿಗಳಿಗೆ.

ನಮ್ಮನೆಯವರು ಒಪ್ಪಲಿಲ್ಲ. 'ತಳ ಪೂರಾ ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸಿದರೆ ಆಯ್ತಲ್ಲ?' ಅಂದರು. ಚಾಚಾ ವಾದ ಮಾಡಲಿಲ್ಲ. ಪಕ್ಕದ ಗ್ರಿಲ್ ಅಂಗಡಿ ಹುಡುಗನನ್ನು ಕರೆದು, ಪಕ್ಕದ ಗೋಡೆಯ ತಗಡಿಗೆ ಒಂದು ಕಡೆ ವೆಲ್ಡಿಂಗ್ ರಾಡ್ ತಾಗಿಸು ಅಂದರು. ಚಿಟ್ ಅಂತ ಕಿಡಿ ಹಾರಿತು. ನೋಡಿದರೆ ರಾಡ್ ತಾಗಿದಲ್ಲಿ ಬೆರಳು ತೂರುವಷ್ಟು ತೂತು! ಜಂಗು, ಅಂದರೆ ತುಕ್ಕು, ತಿಂದ ತಗಡು ಶಾಖ ತಡೆಯುವುದಿಲ್ಲ, ಅಂಟುವ ಬದಲು ಸುಟ್ಟು ಹೋಗುತ್ತದೆ. ಹೊಸ ತಳ ಹಚ್ಚಬೇಕೆಂದರೆ ಅದನ್ನು ಹಿಡಿದುಕೊಳ್ಳುವ ಗೋಡೆ ಗಟ್ಟಿ ಇರಬೇಕು. ಗೋಡೆ ಬದಲಿಸಿದರೆ ಅದನ್ನು ಹಿಡಿಯುವ ಕಂಬ ಗಟ್ಟಿ ಇರಬೇಕು. ಕಂಬವನ್ನೂ ಬದಲಿಸಿದರೆ ಅದಕ್ಕೆ ರಿಪೇರಿ ಅನ್ನುವುದಿಲ್ಲ ಅಲ್ವಾ?

'ಮೋಟರ್ ಆದ್ರೂ ಛಲೋ ಅದನೋ?' ಅಂತ ಅತ್ತೆ ಕೇಳಿದರು.

ಚಾಚಾ ಫ್ಯಾನಿನ ರೆಕ್ಕೆ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಕಟ ಕಟ ಅಂದಿತು. 'ಅಮ್ಮಾ, ಶಾಫ್ಟ್ ಸವದಾದ. ಬುಷ್ ಕೂಡುವ ಮನಿನೂ ಸವದಾದ. ಹೊಸ ಬುಷ್ ಹೊಡೆದ್ರ ಹದಿನೈದು ದಿನಕ್ಕ ಮತ್ತ ಸಡ್ಲ ಆಗ್ತದ. ಮ್ಯಾಲೆ ಕರೆಂಟ್ ಜಾಸ್ತಿ ತಿಂತದ. ಬ್ಯಾಡ್ರಿ, ಬಿಡ್ರಿ ಇನ್ನ.'

ಅತ್ತೆ ಒಳಗೆ ಹೋಗಿ ಚಹಾ ಮಾಡಿದರು. ಅವರಿಗೆ ಬೇಜಾರಾಗಿದೆ ಅಂತ ಗೊತ್ತಾಗಿದ್ದು ಚಾಚಾನ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತಾಗ.

ಈಗ ನನಗೆ ಅನ್ನಿಸುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಕೂಲರನ್ನು ಕೊಂದದ್ದು ವಯಸ್ಸಲ್ಲ, ನಮ್ಮ ಬೋರ್ ನೀರು. ನಮ್ಮ ಓಣಿಗೆ ನಳದ ನೀರು ಬರುವ ದಿನ ಕುಡಿಯಲಿಕ್ಕೆ ಹಿಡಿದಿಡುವುದೇ ದೊಡ್ಡ ಮಾತು. ಆ ನೀರನ್ನು ಕೂಲರಿಗೆ ಸುರಿಯುವ ಧೈರ್ಯ ಯಾರಿಗೂ ಇಲ್ಲ. ಹಾಗಾಗಿ ಕೂಲರಿಗೆ ಬೋರ್ ನೀರೇ ಗತಿ. ನಮ್ಮ ಬೋರಿನ ನೀರೋ, ಸವಳು. ಸ್ಟೀಲ್ ಕೊಡದಲ್ಲಿ ಒಂದು ರಾತ್ರಿ ಇಟ್ಟರೆ ಅಂಚಿಗೆ ಬಿಳಿ ಗೆರೆ ಬೀಳುತ್ತದೆ.

ಕೂಲರಿನಲ್ಲಿ ಇದು ಇನ್ನೂ ಕೆಟ್ಟದು. ಯಾಕೆ ಅಂದರೆ ಆವಿಯಾಗಿ ಹೋಗುವುದು ಬರೀ ನೀರು. ಅದರಲ್ಲಿದ್ದ ಉಪ್ಪು, ಸುಣ್ಣ ಎಲ್ಲ ಟಾಕಿಯಲ್ಲೇ ಉಳಿಯುತ್ತದೆ. ನಾವು ಮೇಲಿಂದ ಮತ್ತೆ ಅದೇ ನೀರು ತುಂಬುತ್ತೇವೆ. ಮತ್ತೆ ಉಪ್ಪು ಉಳಿಯುತ್ತದೆ. ವಾರ ಕಳೆಯುವಷ್ಟರಲ್ಲಿ ಟಾಕಿಯಲ್ಲಿರುವ ನೀರು ಬೋರಿನ ನೀರಿಗಿಂತ ಎಷ್ಟೋ ಪಟ್ಟು ಸವಳಾಗಿರುತ್ತದೆ. ಆ ಉಪ್ಪು ನೀರೇ ತಗಡು ತಿನ್ನುವುದು. ಅದೇ ಪಂಪಿನೊಳಗೆ ಸುಣ್ಣ ಕಟ್ಟಿ ಚಕ್ರವನ್ನು ಹಿಡಿದು ನಿಲ್ಲಿಸುವುದು. ಅದೇ ಮೇಲಿನ ಪೈಪಿನ ತೂತು ಮುಚ್ಚುವುದು. ಒಂದು ಬದಿ ಘಾಸ್ ಒಣಗಿ, ಇನ್ನೊಂದು ಬದಿ ಧೋ ಅಂತ ಸುರಿಯುವ ಕೂಲರ್ ನೋಡಿದ್ದೀರಲ್ಲ? ಅದೇ ಕಾರಣ. ಇದಕ್ಕೆ ಮದ್ದೂ ಸುಲಭ. ವಾರಕ್ಕೊಮ್ಮೆ ಟಾಕಿ ಪೂರಾ ಖಾಲಿ ಮಾಡಿ, ತಿಕ್ಕಿ ತೊಳೆದು, ಹೊಸ ನೀರು ತುಂಬುವುದು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದೂ ಇಂಥ ನಿಂತ ನೀರಲ್ಲೇ ಅಂತ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುತ್ತಿರುತ್ತಾರೆ. ಒಂದೇ ಕೆಲಸಕ್ಕೆ ಎರಡು ಲಾಭ.

ಹೊಸದು ತರುವ ಮಾತು ಬಂದ ಕೂಡಲೇ ಮನೆಯಲ್ಲಿ ಎರಡು ಪಕ್ಷ ಆಯಿತು. ಪಿಯುಸಿ ಓದುವ ಮಗ ಎ.ಸಿ. ಪಕ್ಷ. ಅತ್ತೆ ಕೂಲರ್ ಪಕ್ಷ. ನಮ್ಮನೆಯವರು ಯಾರ ಜೊತೆ ಊಟಕ್ಕೆ ಕೂತಿದ್ದಾರೋ ಆ ಪಕ್ಷ.

ಎ.ಸಿ. ಬೇಡ ಅನ್ನಲು ನನ್ನ ಹತ್ತಿರ ಮೂರು ಕಾರಣ ಇದ್ದವು. ಒಂದು, ಬಿಲ್ಲು. ಒಂದೂವರೆ ಟನ್ನಿನ ಎ.ಸಿ. ಇನ್‌ವರ್ಟರ್ ಮಾದರಿಯದೇ ಆದರೂ ನಮ್ಮೂರ ಬಿಸಿಲಲ್ಲಿ ಗಂಟೆಗೆ ಸರಾಸರಿ ಒಂದು ಯೂನಿಟ್ ತಿನ್ನುತ್ತದೆ ಅಂತ ಹಿಡಿಯಿರಿ. ದಿನಕ್ಕೆ ಎಂಟು ಗಂಟೆ ಓಡಿಸಿದರೆ ತಿಂಗಳಿಗೆ 240 ಯೂನಿಟ್. ಉಚಿತ ಕರೆಂಟಿನ ಗೃಹ ಜ್ಯೋತಿ ಯೋಜನೆ 2023ರ ಆಗಸ್ಟ್ 5ರಂದು ಉದ್ಘಾಟನೆ ಆಗಿದ್ದು ನಮ್ಮ ಕಲಬುರಗಿಯಲ್ಲೇ. ಅದರ ಗಡಿ 200 ಯೂನಿಟ್. ಅದನ್ನು ದಾಟಿದರೆ ಪೂರಾ ಬಿಲ್ಲು ನಾವೇ ಕಟ್ಟಬೇಕು. ಎ.ಸಿ. ಒಂದೇ ಆ ಗಡಿ ದಾಟಿಸುತ್ತದೆ, ಫ್ರಿಜ್ಜು ಟಿ.ವಿ. ಲೆಕ್ಕ ಆಮೇಲೆ. ಕೂಲರ್ ಹಾಗಲ್ಲ. ಫ್ಯಾನು, ಪಂಪು ಸೇರಿ ಸುಮಾರು 200 ವ್ಯಾಟ್. ದಿನಕ್ಕೆ ಹನ್ನೆರಡು ಗಂಟೆ ಓಡಿದರೂ ತಿಂಗಳಿಗೆ 72 ಯೂನಿಟ್. ಬೇಸಿಗೆಯಲ್ಲಿ ನಮ್ಮ ಸರಾಸರಿಗಿಂತ ಜಾಸ್ತಿ ಆಗಿದ್ದಕ್ಕೆ ಸ್ವಲ್ಪ ಕಟ್ಟಬೇಕಾಗುತ್ತದೆ, ಆದರೆ 200ರ ಒಳಗೇ ಇರುತ್ತೇವೆ.

ಎರಡು, ಕರೆಂಟು ಹೋದಾಗ. ಮನೆಯ ಬ್ಯಾಟರಿ ಇನ್‌ವರ್ಟರ್ ಮೇಲೆ ಕೂಲರ್ ಓಡುತ್ತದೆ, ಎ.ಸಿ. ಓಡುವುದಿಲ್ಲ. ಮೇ ತಿಂಗಳ ಸಂಜೆ ಧೂಳು ಗಾಳಿ ಎದ್ದು ಎಲ್ಲೋ ತಂತಿ ಹರಿದರೆ ಆಗ ಗೊತ್ತಾಗುತ್ತದೆ ಇದರ ಬೆಲೆ. ಮೂರನೆಯದು, ನಮ್ಮತ್ತೆ ಬಾಗಿಲು ಮುಚ್ಚಿ ಕೂರುವವರಲ್ಲ. ಓಣಿಯಲ್ಲಿ ಯಾರು ಹೋದರು, ಯಾರು ಬಂದರು ಅನ್ನುವುದು ಅವರಿಗೆ ಕಾಣಬೇಕು. ಎ.ಸಿ.ಗೆ ಬಾಗಿಲು ಮುಚ್ಚಬೇಕು. ಕೂಲರಿಗೆ ಬಾಗಿಲು ತೆರೆದಿರಬೇಕು.

ಈ ಮೂರನೆಯದನ್ನು ಬಹಳ ಜನ ತಿಳಿದುಕೊಂಡಿಲ್ಲ. ಕೂಲರ್ ಹಚ್ಚಿ ತಂಪು ಹೊರಗೆ ಹೋಗುತ್ತದೆ ಅಂತ ಕಿಟಕಿ ಎಲ್ಲ ಮುಚ್ಚುತ್ತಾರೆ. ಒಳಗೆ ಹಸಿ ಗಾಳಿ ತುಂಬಿ ಮೈ ಅಂಟಂಟು ಆಗುತ್ತದೆ. ಆಮೇಲೆ ಕೂಲರ್ ಸರಿ ಇಲ್ಲ ಅಂತ ಬೈಯುತ್ತಾರೆ. ಕೂಲರ್ ಎಷ್ಟು ಗಾಳಿ ಒಳಗೆ ತಳ್ಳುತ್ತದೋ ಅಷ್ಟು ಗಾಳಿ ಎದುರಿನ ಕಿಟಕಿಯಿಂದ ಆಚೆ ಹೋಗಬೇಕು. ನೀರು ಆವಿಯಾಗಲು ಒಣ ಗಾಳಿ ಬೇಕು. ಒಳಗಿನ ಹಸಿ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸಿದರೆ ಏನು ಬಂತು?

ಮಗ ಸುಲಭಕ್ಕೆ ಬಿಡಲಿಲ್ಲ. ಕೂಲರ್ ಎಷ್ಟು ತಂಪು ಮಾಡಬಲ್ಲದು, ಲೆಕ್ಕ ಕೊಡು ಅಂದ. ಸರಿ, ಲೆಕ್ಕ ಅವನಿಂದಲೇ ಮಾಡಿಸಿದೆ. ಪಡಸಾಲೆಯ ನೆರಳಿನಲ್ಲಿ ಥರ್ಮಾಮೀಟರ್ 42 ತೋರಿಸುತ್ತಿತ್ತು. ಅದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಟೇಬಲ್ ಫ್ಯಾನಿನ ಮುಂದೆ ಹಿಡಿ ಅಂದೆ. ಪಾರಾ ಇಳಿಯತೊಡಗಿತು. 35, 30, 27. ಕೊನೆಗೆ 24ರ ಹತ್ತಿರ ನಿಂತಿತು. ಮಗ ಬಾಯಿ ಬಿಟ್ಟು ನೋಡಿದ. ಗಾಳಿ ಒಣಗಿದ್ದಷ್ಟೂ ಈ ಅಂತರ ಜಾಸ್ತಿ. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ ಗಾಳಿಯ ತೇವ ಶೇ 20ರ ಆಸುಪಾಸಿಗೆ ಇಳಿಯುತ್ತದೆ, ಹಾಗಾಗಿ 18 ಡಿಗ್ರಿ ಅಂತರ. ಮಾಮೂಲಿ ಘಾಸ್ ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಗಿಟ್ಟಿಸುತ್ತದೆ ಅಂದರೂ ಕೂಲರಿನಿಂದ ಬರುವ ಗಾಳಿ 29, 30 ಡಿಗ್ರಿ. ಹೊರಗೆ 42, ಕೂಲರ್ ಮುಂದೆ 30. ಬರೀ ನೀರಿನಿಂದ.

ಇದು ಮಾಯೆಯಲ್ಲ. ಮೂವತ್ತು ಡಿಗ್ರಿಯ ಒಂದು ಲೀಟರ್ ನೀರು ಕುದಿ ಬರಲು ಎಷ್ಟು ಶಾಖ ಬೇಕೋ, ಅದರ ಎಂಟು ಪಟ್ಟು ಶಾಖ ಅದೇ ನೀರು ಪೂರಾ ಆವಿಯಾಗಲು ಬೇಕು. ಆ ಶಾಖವನ್ನು ಅದು ಗಾಳಿಯಿಂದಲೇ ಕಸಿದುಕೊಳ್ಳುತ್ತದೆ. ಮಂಗಳೂರಿನಲ್ಲಿರುವ ನನ್ನ ಸೋದರತ್ತೆ ಮಗಳು ಕೂಲರ್ ಬರೀ ಮೋಸ ಅನ್ನುತ್ತಾಳೆ. ಅವಳ ಊರಿಗೆ ಅದು ನಿಜವೇ. ಅಲ್ಲಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. 34 ಡಿಗ್ರಿ, ಶೇ 70 ತೇವ ಇದ್ದರೆ ಒದ್ದೆ ಬಟ್ಟೆಯ ಪಾರಾ 29ಕ್ಕಿಂತ ಕೆಳಗೆ ಹೋಗುವುದಿಲ್ಲ. ನಮ್ಮಲ್ಲೂ ಜುಲೈ ಮಳೆ ಹಿಡಿದ ಮೇಲೆ ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಓಡಿಸುತ್ತೇವೆ.

ಹೀಗೆ ಎ.ಸಿ. ಪಕ್ಷ ಸೋತಿತು. ಮಗ ಸೋಲನ್ನು ಅರ್ಧ ಮಾತ್ರ ಒಪ್ಪಿಕೊಂಡ. 'ನೌಕರಿ ಸಿಕ್ಕಮ್ಯಾಗ ನಾನೇ ತರ್ತೀನಿ' ಅಂದ. ತರಲಿ.

ಇನ್ನು ಯಾವ ಕೂಲರ್? ಬೇಸಿಗೆಯಲ್ಲಿ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದರೆ ಅಂಗಡಿ ಮುಂದೆ, ಫುಟ್‌ಪಾತ್ ಮೇಲೆ ಎಲ್ಲ ಕೂಲರೇ ಕೂಲರು. ಪ್ಲಾಸ್ಟಿಕ್ ಬಾಡಿಯವು ನೋಡಲು ಚೆಂದ. ಚಕ್ರ, ರಿಮೋಟು, ಐಸ್ ಹಾಕುವ ಪೆಟ್ಟಿಗೆ. ಜಂಗು ಹಿಡಿಯುವುದಿಲ್ಲ, ಕರೆಂಟ್ ಹೊಡೆಯುವ ಭಯ ಕಡಿಮೆ. ಇವೆರಡೂ ಸಣ್ಣ ವಿಷಯವಲ್ಲ. ನಾನು ಪ್ಲಾಸ್ಟಿಕ್ ಕಡೆಗೇ ವಾಲಿದ್ದೆ. ಆದರೆ ಅಂಗಡಿಯವನಿಗೆ ಕೇಳಿದ ಪ್ರಶ್ನೆಗಳಿಗೆ ಅವನು ಕೊಟ್ಟ ಉತ್ತರ ಮನಸ್ಸು ಬದಲಿಸಿತು. ಮೋಟರ್ ಕೆಟ್ಟರೆ? ಕಂಪನಿಗೆ ಫೋನ್ ಮಾಡಬೇಕು. ರಿಮೋಟಿನ ಕಾರ್ಡ್ ಕೆಟ್ಟರೆ? ಕಂಪನಿಯಿಂದಲೇ ಬರಬೇಕು. ಎಷ್ಟು ದಿನ? 'ಸೀಸನ್‌ನ್ಯಾಗ ಸ್ವಲ್ಪ ಲೇಟ್ ಆಗ್ತದ್ರಿ.' ಸೀಸನ್ನಿನಲ್ಲೇ ತಾನೆ ಕೂಲರ್ ಬೇಕಾಗಿದ್ದು? ಕೆಟ್ಟರೆ ಸಂಜೆಯೊಳಗೆ ಚಾಚಾ ಬಿಚ್ಚಿ ಜೋಡಿಸಬಹುದಾದ ಕೂಲರ್ ನನಗೆ ಬೇಕು.

ಪ್ಲಾಸ್ಟಿಕ್ಕಿನವುಗಳಲ್ಲಿ ಜಾಸ್ತಿ ಹೊಗಳುವುದು ಹನಿಕೂಂಬ್ ಪ್ಯಾಡು. ಜೇನುಗೂಡಿನ ಹಾಗೆ ತೂತು ತೂತಾಗಿ ದಪ್ಪ ಕಾಗದವನ್ನು ಅಂಟಿಸಿ ಮಾಡಿದ್ದು. ಮರದ ತುರಿಯ ಘಾಸಿಗಿಂತ ಅದು ಜಾಸ್ತಿ ತಂಪು ಕೊಡುತ್ತದೆ, ಒಪ್ಪಿದೆ. ವರ್ಷ ವರ್ಷ ಬದಲಿಸಬೇಕಾಗಿಲ್ಲ ಅನ್ನುವುದೂ ನಿಜ, ನೀರು ಒಳ್ಳೆಯದಿದ್ದರೆ. ನಮ್ಮ ಓಣಿಯಲ್ಲೇ ಒಬ್ಬರ ಮನೆಯಲ್ಲಿ ಎರಡು ಬೇಸಿಗೆ ಓಡಿದ ಹನಿಕೂಂಬ್ ನೋಡಿ ಬಂದೆ. ಅಂಚೆಲ್ಲ ಬಿಳಿ ಸುಣ್ಣ ಕಟ್ಟಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಸುಣ್ಣದ ಜೊತೆ ಕಾಗದವೂ ಕಿತ್ತು ಬರುತ್ತಿತ್ತು. ಆ ತೂತುಗಳಲ್ಲಿ ಗಾಳಿ ಎಲ್ಲಿಂದ ಹಾಯಬೇಕು? ಹೊಸ ಸೆಟ್ಟಿಗೆ ಎರಡು ಸಾವಿರದ ಹತ್ತಿರ ಹೇಳಿದ್ದಾರಂತೆ. ಮಾಮೂಲಿ ಘಾಸ್ ಮೂರೂ ಬದಿಗೆ ಸೇರಿ ಮುನ್ನೂರರ ಒಳಗೆ ಮುಗಿಯುತ್ತದೆ. ಒಂದು ಬೇಸಿಗೆಯ ಸುಣ್ಣವನ್ನೆಲ್ಲ ಅದೇ ಹೀರಿಕೊಂಡು ಕಸದ ಜೊತೆ ಹೋಗುತ್ತದೆ. ಸವಳು ನೀರಿನ ಮನೆಗೆ ಬಿಸಾಡುವ ಘಾಸೇ ಲೇಸು ಅನ್ನುವುದು ನನ್ನ ಅಭಿಪ್ರಾಯ. ಒಳ್ಳೆ ನೀರಿನವರು ಹನಿಕೂಂಬ್ ತಗೊಳ್ಳಲಿ, ಬೇಡ ಅನ್ನುವುದಿಲ್ಲ. ಲಾವಂಚದ ಪರದೆ ಸಿಕ್ಕರೆ ಇನ್ನೂ ಚೆಂದ, ಆ ಪರಿಮಳಕ್ಕೆ ಸಾಟಿ ಇಲ್ಲ. ಆದರೆ ದುಬಾರಿ.

ಕೊನೆಗೆ ತಗೊಂಡದ್ದು ಎರಡರ ನಡುವಿನದು. ಕೆಳಗಿನ ಟಾಕಿ ಫೈಬರಿನದು, ಮೇಲಿನ ಬಾಡಿ ಜಿ.ಐ. ತಗಡಿನದು. ನೀರು ನಿಲ್ಲುವ ಜಾಗದಲ್ಲಿ ತಗಡೇ ಇಲ್ಲದಿದ್ದರೆ ಜಂಗು ತಿನ್ನುವುದೇನನ್ನು? ಚಾಚಾ ಜೊತೆಗೆ ಬಂದಿದ್ದರು. ಅಂಗಡಿಯಲ್ಲಿ ಅವರು ಮಾಡಿದ್ದು ನೋಡಿ ನನಗೆ ನಗು. ಬಣ್ಣ ನೋಡಲಿಲ್ಲ, ರೇಟು ಕೇಳಲಿಲ್ಲ. ಒಂದು ಆಯಸ್ಕಾಂತದ ತುಂಡು, ಒಂದು ಸಣ್ಣ ಟಾರ್ಚು ಜೇಬಿನಿಂದ ತೆಗೆದರು. ಟಾರ್ಚ್ ಹಿಡಿದು ಮೋಟರಿನ ಹಿಂದಿನ ಸಂದಿಯಲ್ಲಿ ವೈಂಡಿಂಗ್ ತಂತಿ ನೋಡಿದರು. ತಂತಿಯ ತುದಿ ಸ್ವಲ್ಪ ಕೆರೆದು ಬಣ್ಣ ನೋಡಿದರು. ಕೆಂಪು ಇದ್ದರೆ ತಾಮ್ರ, ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಮೇಲೆ ಹಚ್ಚಿದ ವಾರ್ನಿಷ್ ಎರಡಕ್ಕೂ ತಾಮ್ರದ ಬಣ್ಣವೇ ಕೊಡುತ್ತದೆ, ಅದಕ್ಕೇ ಕೆರೆಯಬೇಕು. ಮೊದಲು ತೋರಿಸಿದ್ದು ಬೆಳ್ಳಗಿತ್ತು. ಅಂಗಡಿಯವನ ಮುಖವೂ ಸ್ವಲ್ಪ ಬೆಳ್ಳಗಾಯಿತು. ಎರಡನೆಯದು ಕೆಂಪಗಿತ್ತು. ಆಯಸ್ಕಾಂತ ಯಾತಕ್ಕೆ ಅಂತ ಕೇಳಿದರೆ, 'ಸ್ಟೀಲ್ ಸ್ಕ್ರೂ ಅಂತ ಹೇಳಿ ಆಯಸ್ಕಾಂತಕ್ಕ ಅಂಟೋ ಸಾದಾ ಸ್ಕ್ರೂ ಹಾಕಿರ್ತಾರ್ರಿ, ಎರಡನೇ ವರ್ಷ ಬಿಚ್ಚಲಿಕ್ಕೇ ಬರಂಗಿಲ್ಲ' ಅಂದರು.

ಬೆಲೆ ಎಂಟೂವರೆ ಸಾವಿರ. ಸ್ಟ್ಯಾಂಡ್ ಹಳೆಯದೇ ನಡೆಯಿತು. ಮಾವ ಹಾಕಿಸಿದ ಆಂಗಲ್ ಕಬ್ಬಿಣ ಇನ್ನೂ ಹಾಗೇ ಇದೆ.

ಕೂರಿಸುವಾಗ ಚಾಚಾ ಅರ್ಥಿಂಗ್ ಇಲ್ಲದೆ ಕನೆಕ್ಷನ್ ಕೊಡುವುದಿಲ್ಲ ಅಂತ ಹಠ ಹಿಡಿದರು. ನಾನು ಅವರ ಪಕ್ಷ. ಪ್ರತಿ ಬೇಸಿಗೆ ಪೇಪರಿನಲ್ಲಿ ಓದುತ್ತೇವೆ, ಕೂಲರ್ ಮುಟ್ಟಿ ಕರೆಂಟ್ ಹೊಡೆದು ಸತ್ತವರ ಸುದ್ದಿ. ಒದ್ದೆ ನೆಲ, ಬರಿಗಾಲು, ತಗಡಿನ ಬಾಡಿ, ನೀರಲ್ಲಿ ಮುಳುಗಿದ ಪಂಪು. ಪಂಪಿನ ವೈರ್ ಎಲ್ಲೋ ಸೀಳಿದರೆ ಸಾಕು. ಆದರೂ ಎಷ್ಟೋ ಮನೆಗಳಲ್ಲಿ ಮೂರು ಪಿನ್ನಿನ ಪ್ಲಗ್ ಕತ್ತರಿಸಿ ಎರಡು ವೈರ್ ಸೀದಾ ಸಾಕೆಟ್ಟಿಗೆ ತುರುಕಿ ಕಡ್ಡಿ ಸಿಕ್ಕಿಸಿರುತ್ತಾರೆ. ನಮ್ಮಲ್ಲಿ ಈಗ ಹಸಿರು ವೈರು ಬಾಡಿಗೆ ನಟ್ ಹಾಕಿ ಬಿಗಿದಿದೆ. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಕೂತಿದೆ. ಕರೆಂಟ್ ಸ್ವಲ್ಪ ಎಲ್ಲಾದರೂ ಸೋರಿದರೆ ಆ ಸ್ವಿಚ್ಚು ಕ್ಷಣದಲ್ಲಿ ಬಿದ್ದು ಕರೆಂಟ್ ಕಡಿಯುತ್ತದೆ. ಅದಕ್ಕೆ ಬಿದ್ದ ಖರ್ಚಿಗೆ ನಮ್ಮನೆಯವರು ಮುಖ ಸಿಂಡರಿಸಿದರು. ಇನ್ನೊಂದು ನಿಯಮ ಮಗನಿಗೂ ಅತ್ತೆಗೂ ಬಾಯಿಪಾಠ ಮಾಡಿಸಿದ್ದೇನೆ. ನೀರಿಗೆ ಕೈ ಹಾಕುವ ಮೊದಲು ಬರೀ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು.

ಹಳೇ ಕೂಲರ್ ಭಂಗಾರದ, ಅಂದರೆ ಗುಜರಿ ಅಂಗಡಿಗೆ ಹೋಯಿತು. ಹೋಗುವ ಮೊದಲು ಚಾಚಾ ಮೋಟರ್ ಬಿಚ್ಚಿಕೊಂಡರು. ಒಳಗಿನ ತಾಮ್ರಕ್ಕೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಬೆಲೆ ಇದೆ, ಭಂಗಾರದವನಿಗೆ ಹಾಗೇ ಕೊಟ್ಟರೆ ಎಲ್ಲ ಕಬ್ಬಿಣದ ರೇಟಿಗೇ ತೂಗಿಬಿಡುತ್ತಾನೆ. ಅದರ ದುಡ್ಡು ಚಾಚಾನ ಕೂಲಿಗೆ ವಜಾ ಆಯಿತು. ಅತ್ತೆ ಮಾತ್ರ ಗುಲಬರ್ಗಾ ಅಂತ ಬರೆದಿದ್ದ ಮುಂದಿನ ತಗಡು ಕೊಡಲು ಒಪ್ಪಲಿಲ್ಲ. ಭಾವನೆಗೆ ಅಂದುಕೊಂಡಿರಾ? ಅಲ್ಲ. ಅದನ್ನು ಮಾಳಿಗೆ ಮೇಲೆ ಒಯ್ದು ಅದರ ಮೇಲೆ ಸಂಡಿಗೆ ಇಡುತ್ತಿದ್ದಾರೆ. ತಗಡು ಬೇಗ ಕಾಯುತ್ತದೆ, ಸಂಡಿಗೆ ಬೇಗ ಒಣಗುತ್ತವಂತೆ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ, ಗಾಬರಿಯಾಗಬೇಡಿ.

ಹೊಸದರ ಬಗ್ಗೆ ಅತ್ತೆಯ ತಕರಾರು ಒಂದೇ, ಸಪ್ಪಳ ಕಡಿಮೆ. ಹಳೆಯದು ಶುರುವಾದರೆ ಓಣಿಯ ತುದಿಗೆ ಕೇಳುತ್ತಿತ್ತು. ಇದು ಓಡುತ್ತಿದೆಯೋ ಇಲ್ಲವೋ ಅಂತ ಮಧ್ಯರಾತ್ರಿ ಎದ್ದು ಕೈ ಇಟ್ಟು ನೋಡುತ್ತಾರೆ. ಮಗನ ಸಂತೋಷ ಬೇರೆ ಕಾರಣಕ್ಕೆ. ಈ ಕೂಲರಿಗೆ ಫ್ಲೋಟ್ ವಾಲ್ವ್ ಇದೆ. ಮೇಲಿನ ಟಾಕಿಯಿಂದ ಪೈಪ್ ಎಳೆದಿದ್ದೇವೆ, ನೀರು ತಾನೇ ತುಂಬಿಕೊಳ್ಳುತ್ತದೆ. ಬಕೆಟ್ ಹೊರುವ ಕೆಲಸ ತಪ್ಪಿತು ಅಂತ ಕುಣಿಯುತ್ತಿದ್ದಾನೆ. ರವಿವಾರ ಟಾಕಿ ತಿಕ್ಕಿ ತೊಳೆಯುವ ಪಾಳಿ ಅವನದು ಅನ್ನುವುದನ್ನು ಇನ್ನೂ ಹೇಳಿಲ್ಲ.